ಹಳೆಯ ಕೈಗಡಿಯಾರಕ್ಕೆ ಸ್ಮಾರ್ಟ್ ಸೌಲಭ್ಯ: ಮುಚ್ಚಳ ತೆಗೆಯುವ ಮೊದಲು ಬೆಲ್ಟಿನ ಕಡೆ ನೋಡಿ

ಪ್ರಶ್ನೆ: ನನ್ನ ಹತ್ತಿರ ಮೂರು ವಾಚುಗಳಿವೆ. ದಿನಾ ಕಟ್ಟುವುದು ಸ್ಟೀಲ್ ಕೇಸಿನ ಆಟೊಮ್ಯಾಟಿಕ್ (ಸೆಲ್ ಇಲ್ಲದೆ ಕೈಯ ಚಲನೆಯಿಂದಲೇ ಓಡುವಂಥದ್ದು), ಬೆಲ್ಟಿನ ಅಗಲ 20 ಮಿ.ಮೀ. ಇನ್ನೊಂದು ಸೆಲ್ಲಿನಿಂದ ಓಡುವ, ಮುಳ್ಳಿನ ಸಾದಾ ಕ್ವಾರ್ಟ್ಜ್, ಅದೂ ಸ್ಟೀಲ್ ಕೇಸೇ, ಒಳಗಿರುವುದು ಮಿಯೋಟ 2035 ಯಂತ್ರ. ಮೂರನೆಯದು ಅಂಕಿ ತೋರಿಸುವ ಡಿಜಿಟಲ್ ವಾಚು, ಕ್ಯಾಸಿಯೊ ಎಫ್-91ಡಬ್ಲ್ಯೂ. ಕರೆ ಬಂದರೆ ಕೈಗೆ ತಿಳಿಯಬೇಕು, ಹೆಜ್ಜೆ ಎಣಿಸಬೇಕು, ಆದರೆ ತಟ್ಟಿ ಹಣ ಕೊಡುವಂತೆಯೂ ಇರಬೇಕು, ನಾಡಿಬಡಿತವೂ ಗೊತ್ತಾಗಬೇಕು. ಸ್ಮಾರ್ಟ್‌ವಾಚ್ ಕಟ್ಟಲು ಮನಸ್ಸಿಲ್ಲ. ಬೆಸುಗೆ ಹಾಕಲು ಬರುತ್ತದೆ. ಯಾವ ವಾಚಿಗೆ ಏನು ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು?

ಉತ್ತರ:

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆಟೊಮ್ಯಾಟಿಕ್ ವಾಚಿನ ಮುಚ್ಚಳ ತೆಗೆಯಬೇಡಿ. ಬೇಕಾದದ್ದನ್ನೆಲ್ಲ ಬೆಲ್ಟಿಗೆ ಹಾಕಿ. ಕ್ವಾರ್ಟ್ಜ್ ವಾಚಿನ ಒಳಗೆ ಬ್ಲೂಟೂತ್ ತುರುಕುವ ಯೋಚನೆ ಬಿಡಿ. ಬಿಚ್ಚಿ ಕೆಲಸ ಮಾಡುವ ಆಸೆಯಿದ್ದರೆ ಎಫ್-91ಡಬ್ಲ್ಯೂ ಅದಕ್ಕೆ ಹೇಳಿ ಮಾಡಿಸಿದ ವಾಚು. ನಾಡಿಬಡಿತ ಮಾತ್ರ ಸ್ವಂತವಾಗಿ ಕಟ್ಟಲು ಹೋಗಬೇಡಿ, ಸಿದ್ಧ ಸಾಧನದಿಂದ ಪಡೆಯಿರಿ.

ವಾಚಿನ ಒಳಗೆ ಯಾಕೆ ಬೇಡ

ಸ್ಟೀಲ್ ಕೇಸು, ಸ್ಟೀಲ್ ಮುಚ್ಚಳ, ಮೇಲೆ ಹಿತ್ತಾಳೆಯ ಡಯಲ್. ಇವುಗಳ ನಡುವೆ ಕೂತ ರೇಡಿಯೊ ಮುಚ್ಚಿದ ಡಬ್ಬಿಯಲ್ಲಿ ಕೂತಂತೆಯೇ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಅದರ ಅಲೆಯ ಉದ್ದ ಸುಮಾರು 12.5 ಸೆಂ.ಮೀ., ಅದರ ಕಾಲು ಭಾಗ 31 ಮಿ.ಮೀ. ಸರಳವಾದ ಆಂಟೆನಾಕ್ಕೆ ಹೆಚ್ಚುಕಡಿಮೆ ಆ ಉದ್ದದ ತಂತಿ, ಸುತ್ತ ಲೋಹವಿಲ್ಲದ ಜಾಗ ಎರಡೂ ಬೇಕು. ಡಯಲಿನ ಅಂಚಿಗೂ ಕೇಸಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ಸಿಗ್ನಲ್ ನುಸುಳಿದರೂ ಫೋನು ಜೇಬಿಗೆ ಹೋದ ತಕ್ಷಣ ಸಂಪರ್ಕ ಕಡಿಯುತ್ತದೆ. ಮುಳ್ಳಿರುವ ಹೈಬ್ರಿಡ್ ವಾಚುಗಳನ್ನು ಕಾರ್ಖಾನೆಯಲ್ಲಿ ಮಾಡುವವರು ರೇಡಿಯೊಗೆ ದಾರಿ ಬಿಟ್ಟೇ ಕೇಸನ್ನೂ ಡಯಲನ್ನೂ ವಿನ್ಯಾಸ ಮಾಡಿರುತ್ತಾರೆ. ಆಮೇಲೆ ಸೇರಿಸುವವರಿಗೆ ಆ ಸ್ವಾತಂತ್ರ್ಯವಿಲ್ಲ.

ಎರಡನೆಯದು ವಿದ್ಯುತ್ತು. ನಿಮ್ಮ ಕ್ವಾರ್ಟ್ಜ್ ವಾಚಿನ ಸೆಲ್ ಎಸ್‌ಆರ್626ಎಸ್‌ಡಬ್ಲ್ಯೂ: ವ್ಯಾಸ 6.8 ಮಿ.ಮೀ., ದಪ್ಪ 2.6 ಮಿ.ಮೀ., 1.55 ವೋಲ್ಟ್, ಸಾಮರ್ಥ್ಯ ಸುಮಾರು 28 ಮಿಲಿಆಂಪ್-ಅವರ್. ಯಂತ್ರ ಸೆಳೆಯುವುದು ಹೆಚ್ಚುಕಡಿಮೆ ಒಂದು ಮೈಕ್ರೊಆಂಪ್. ಲೆಕ್ಕ ಹಾಕಿದರೆ 28,000 ಗಂಟೆ, ಮೂರು ವರ್ಷಕ್ಕೆ ಸ್ವಲ್ಪ ಮೇಲೆ. ಈಗ ಬ್ಲೂಟೂತ್ ಚಿಪ್ ನೋಡಿ. ಹವ್ಯಾಸಿಗಳು ಹೆಚ್ಚು ಬಳಸುವ ಎನ್‌ಆರ್‌ಎಫ್52832ಕ್ಕೆ ಕನಿಷ್ಠ 1.7 ವೋಲ್ಟ್ ಬೇಕು. ಈ ಸೆಲ್ಲಿನ ಮೇಲೆ ಅದು ಏಳುವುದೇ ಇಲ್ಲ. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಹಾಕಿದಿರಿ ಎಂದುಕೊಳ್ಳೋಣ. ಸಿಗ್ನಲ್ ಕಳಿಸುವ ಕ್ಷಣದಲ್ಲಿ ಚಿಪ್ 5 ಮಿಲಿಆಂಪ್‌ಗೂ ಹೆಚ್ಚು ಸೆಳೆಯುತ್ತದೆ, ಅಂದರೆ ವಾಚಿನ ಯಂತ್ರದ ಐದು ಸಾವಿರ ಪಟ್ಟು. ಇಷ್ಟು ಚಿಕ್ಕ ಸೆಲ್ಲಿನ ಒಳರೋಧ ಹೆಚ್ಚು, ವೋಲ್ಟೇಜ್ ಕುಸಿಯುತ್ತದೆ, ಸೆಕೆಂಡ್ ಮುಳ್ಳು ತಡವರಿಸುತ್ತದೆ. ಸ್ಮಾರ್ಟ್ ಮಾಡಲು ಹೋಗಿ ಸಮಯವನ್ನೇ ಕೆಡಿಸಿದಂತಾಯಿತು.

ಮೂರನೆಯದು ನೀರು. ಮುಚ್ಚಳ ಒಮ್ಮೆ ತೆಗೆದರೆ ರಬ್ಬರ್ ರಿಂಗ್ ಮೊದಲಿನಂತೆ ಕೂರುತ್ತದೆ ಎಂಬ ಭರವಸೆ ಇಲ್ಲ. ಒತ್ತಡ ಪರೀಕ್ಷೆ ಆಗುವವರೆಗೆ ಹಿಂಬದಿಯಲ್ಲಿ ಕೆತ್ತಿದ 5 ಬಾರ್, 10 ಬಾರ್ ಎಂಬ ನೀರುತಡೆಯ ಅಳತೆಗೆ ಅರ್ಥವಿಲ್ಲ.

ಆಟೊಮ್ಯಾಟಿಕ್ ವಾಚಿಗೆ ಇನ್ನೊಂದು ಅಪಾಯವಿದೆ: ಅಯಸ್ಕಾಂತ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸಾದಾ ವಾಚನ್ನು ಸ್ಮಾರ್ಟ್ ಮಾಡಲು ಹಿಂಬದಿಗೆ ಅಂಟಿಸುವ ತೆಳು ಬಿಲ್ಲೆಗಳನ್ನು ನೋಡಿದಾಗ ಯಾರಿಗೂ ಇದು ಹೊಳೆಯುವುದಿಲ್ಲ. ಕಂಪಿಸುವ ಪ್ರತಿಯೊಂದು ಪುಟ್ಟ ಮೋಟಾರಿನಲ್ಲೂ ಒಂದು ಕಾಯಂ ಅಯಸ್ಕಾಂತ ಇರುತ್ತದೆ. ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಚಾರ್ಜರಿನಲ್ಲಿ ಇನ್ನೂ ಬಲವಾದದ್ದು. ಐಎಸ್‌ಒ 764 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ‘ಆಂಟಿಮ್ಯಾಗ್ನೆಟಿಕ್’ ಎನಿಸಿಕೊಳ್ಳಲು ವಾಚು ಮೀಟರಿಗೆ 4,800 ಆಂಪಿಯರ್ ಬಲದ ಕ್ಷೇತ್ರ ತಡೆದುಕೊಂಡು, ಆಮೇಲೆ ದಿನಕ್ಕೆ 30 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ತೋರಬಾರದು. ಗಾಸ್ ಲೆಕ್ಕದಲ್ಲಿ ಇದು ಬರೀ 60. ಸಣ್ಣ ನಿಯೋಡಿಮಿಯಂ ತುಂಡನ್ನು ಮುಚ್ಚಳಕ್ಕೆ ತಾಗಿಸಿದರೆ ಆ ಮಿತಿ ಸುಲಭವಾಗಿ ದಾಟುತ್ತದೆ. ಆಗ ಬ್ಯಾಲೆನ್ಸಿನ (ವಾಚಿನ ತಾಳ ಹಿಡಿಯುವ ಚಕ್ರದ) ಕೂದಲಿನಂಥ ಸುರುಳಿ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸ್ಪ್ರಿಂಗು ಗಿಡ್ಡವಾದಂತಾಗುತ್ತದೆ, ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ.

ಸಮಾಧಾನದ ಸಂಗತಿ ಎಂದರೆ ಇಂಥ ಅಯಸ್ಕಾಂತದ ಬಲ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಮೋಟಾರು ಮುಚ್ಚಳದ ಬದಲು ಬಕಲ್ಲಿನ ಜಾಗದಲ್ಲಿದ್ದರೆ, 4 ಮಿ.ಮೀ. ದೂರ 40 ಮಿ.ಮೀ. ಆಗುತ್ತದೆ, ಬಲ ಸುಮಾರು ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಬಿಲ್ಲೆ ಬೇಡ, ಬೆಲ್ಟ್ ಬೇಕು ಎನ್ನುವುದಕ್ಕೆ ಮುಖ್ಯ ಕಾರಣ ಇದೇ. (ಬಿಲ್ಲೆ ಅಂಟಿಸಿದರೆ ವಾಚು ಮಣಿಕಟ್ಟಿನಿಂದ ಎರಡು ಮೂರು ಮಿ.ಮೀ. ಮೇಲೆದ್ದು ಅಲ್ಲಾಡುತ್ತದೆ ಎಂಬುದು ಬೇರೆ ಮಾತು.) ಅನುಮಾನ ಬಂದರೆ ಸಾದಾ ದಿಕ್ಸೂಚಿಯನ್ನು ವಾಚಿನ ಪಕ್ಕ ಇಡಿ; ಸೂಜಿ ಬ್ಯಾಲೆನ್ಸಿನ ತಾಳಕ್ಕೆ ನಡುಗುತ್ತಿದ್ದರೆ ಅಯಸ್ಕಾಂತ ಹಿಡಿದಿದೆ. ಅಯಸ್ಕಾಂತ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲೆ ವಾಚನ್ನು ಹಿಡಿದು, ಗುಂಡಿ ಒತ್ತಿಕೊಂಡೇ ನಿಧಾನವಾಗಿ ಒಂದು ಮೊಳ ದೂರ ಎಳೆದು, ಆಮೇಲೆ ಗುಂಡಿ ಬಿಡಿ. ವಾಚು ಹತ್ತಿರದಲ್ಲಿರುವಾಗಲೇ ಗುಂಡಿ ಬಿಟ್ಟರೆ ಮೊದಲಿಗಿಂತ ಹೆಚ್ಚು ಅಯಸ್ಕಾಂತ ಉಳಿಯಬಹುದು.

ಬೆಲ್ಟಿನ ದಾರಿ

ಇದು ಹೊಸ ಆಲೋಚನೆಯಲ್ಲ. ಮೋಂಬ್ಲಾಂ 2015ರಲ್ಲಿ ತನ್ನ ವಾಚಿನ ಬೆಲ್ಟಿಗೆ ಪುಟ್ಟ ಪರದೆಯ ಮಾಡ್ಯೂಲ್ ಕೂರಿಸಿ ‘ಇ-ಸ್ಟ್ರಾಪ್’ ತೋರಿಸಿತು. ಸೋನಿ ತನ್ನ ‘ವೇನಾ’ದಲ್ಲಿ ಎಲ್ಲವನ್ನೂ ಲೋಹದ ಚೈನಿನ ಕ್ಲಾಸ್ಪಿನೊಳಗೆ ಅಡಗಿಸಿತು, ಅದರ ಮೂರನೆಯ ಆವೃತ್ತಿ 2020ರಲ್ಲಿ ಬಂತು. ಇಂಥ ಸಿದ್ಧ ಬೆಲ್ಟ್ ಕೊಳ್ಳುವಾಗ ಒಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಕಂಪನಿಯ ಆ್ಯಪ್ ನಿಂತುಹೋದರೆ ಇದು ಕೆಲಸ ಮಾಡುತ್ತದೆಯೇ? ನಿಮ್ಮ ವಾಚು ಐವತ್ತು ವರ್ಷ ಓಡೀತು, ಆ್ಯಪ್ ಐದು ವರ್ಷವೂ ಬಾಳದೇ ಇರಬಹುದು. ಹಾಗಾಗಿ ಆಂಡ್ರಾಯ್ಡ್ ಬಳಸುವವರು ಮುಕ್ತ ತಂತ್ರಾಂಶವಾದ ‘ಗ್ಯಾಜೆಟ್‌ಬ್ರಿಡ್ಜ್’ ಯಾವ ಸಾಧನಗಳ ಜೊತೆ ಮಾತಾಡುತ್ತದೆ ಎಂದು ಮೊದಲು ನೋಡಿಕೊಂಡು, ಆ ಪಟ್ಟಿಯಲ್ಲಿರುವುದನ್ನೇ ಆರಿಸುವುದು ಜಾಣತನ.

ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ಈ ಉಪಾಯ ಪ್ರಯತ್ನಿಸಿ. ಫಿಟ್‌ನೆಸ್ ಬ್ಯಾಂಡುಗಳಲ್ಲಿ ಕೆಲವದರ ಗುಂಡನ್ನು, ಅಂದರೆ ಸರ್ಕ್ಯೂಟೆಲ್ಲ ಇರುವ ಭಾಗವನ್ನು, ಸಿಲಿಕೋನ್ ಪಟ್ಟಿಯಿಂದ ಬೇರೆ ಮಾಡಬಹುದು. ಶಿಯೋಮಿ ಮಿ ಬ್ಯಾಂಡ್‌ನ ಹಳೆಯ ಮಾದರಿಗಳು ಹಾಗೇ ಇವೆ. ಮಿ ಬ್ಯಾಂಡ್ 2ರ ಗುಂಡು 40.3 ಮಿ.ಮೀ. ಉದ್ದ, 15.7 ಅಗಲ, 10.5 ದಪ್ಪ. ಇದು 20 ಮಿ.ಮೀ. ಬೆಲ್ಟಿನ ಅಗಲದೊಳಗೆ ಸಲೀಸಾಗಿ ಕೂರುತ್ತದೆ. ಕಂಪನ, ಹೆಜ್ಜೆ ಎಣಿಕೆ, ನಾಡಿಬಡಿತ, ನೀರುತಡೆ ಎಲ್ಲ ಒಳಗೇ ಇದೆ, ಅದೂ ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ. ಚರ್ಮದ ಬೆಲ್ಟಿನ ಒಳಮೈಗೆ ಒಂದು ಜೇಬು ಹೊಲಿಸಿ, ಗುಂಡು ಮಣಿಕಟ್ಟಿನ ಕೆಳಬದಿಗೆ ಬರುವಂತೆ ಕೂರಿಸಿ. ನಾಡಿಬಡಿತದ ಹಸಿರು ದೀಪಗಳಿರುವ ಕಡೆ 12 ಮಿ.ಮೀ. ವ್ಯಾಸದ ಕಿಟಕಿ ಬಿಡಿ. ಸೆನ್ಸರ್ ಚರ್ಮದ ಪದರಕ್ಕಿಂತ ಅರ್ಧ ಮಿ.ಮೀ. ಹೊರಚಾಚಿ ಕೈಗೆ ತಾಗಬೇಕು. ಬೆಲ್ಟಿನ ಉದ್ದದ ತುಂಡು ಎಂದಿಗಿಂತ 10 ರಿಂದ 15 ಮಿ.ಮೀ. ಉದ್ದ ಇರಲಿ, ಏಕೆಂದರೆ ಕೆಳಗೆ ದಪ್ಪ ಹೆಚ್ಚಾದರೆ ಸುತ್ತಳತೆಯೂ ಹೆಚ್ಚುತ್ತದೆ. ಮೇಜಿನ ಮೇಲೆ ಕೈಯಿಟ್ಟು ಟೈಪ್ ಮಾಡುವವರಿಗೆ ಗುಂಡು ಒತ್ತುವುದು ನಿಜ. ಸರಿಯಾಗಿ ನಡುವಿಗೆ ಇಡದೆ ಕಿರುಬೆರಳಿನ ಬದಿಗೆ ಸ್ವಲ್ಪ ಸರಿಸಿದರೆ ಒತ್ತುವುದು ಕಡಿಮೆಯಾಗುತ್ತದೆ. ಮಿ ಬ್ಯಾಂಡ್ 4 ಮತ್ತು ಆಮೇಲಿನವನ್ನು ಗ್ಯಾಜೆಟ್‌ಬ್ರಿಡ್ಜ್‌ಗೆ ಸೇರಿಸಲು ಮೊದಲು ಕಂಪನಿಯ ಆ್ಯಪಿನಲ್ಲಿ ನೋಂದಾಯಿಸಿ ಒಂದು ಗುಪ್ತ ಕೀಲಿ ಪಡೆಯಬೇಕು. ಸೆಕೆಂಡ್ ಹ್ಯಾಂಡ್ ಕೊಂಡಾಗ ಹಳೆಯ ಮಾಲೀಕರ ಖಾತೆಯಿಂದ ಬಿಡಿಸಿದ್ದಾರೆಯೇ ಕೇಳಿ.

ನಿಮ್ಮ ನಾಲ್ಕು ಬೇಡಿಕೆಗಳಲ್ಲಿ ಮೂರನ್ನು ಇದೊಂದೇ ಪೂರೈಸುತ್ತದೆ. ಸ್ವಂತ ಸರ್ಕ್ಯೂಟ್ ಇದಕ್ಕಿಂತ ಚಿಕ್ಕದಾಗುವುದಿಲ್ಲ, ಇದಕ್ಕಿಂತ ಹೆಚ್ಚು ನೀರು ತಡೆಯುವುದೂ ಇಲ್ಲ. ಆದರೆ ಪರದೆಯೇ ಬೇಡ, ಯಾರ ಕರೆಗೆ ಹೇಗೆ ಮಿಡಿಯಬೇಕು ಎಂಬುದು ನಿಮ್ಮ ಕೈಯಲ್ಲೇ ಇರಬೇಕು ಎಂದರೆ ಕಟ್ಟುವುದಕ್ಕೆ ಅರ್ಥವಿದೆ.

ಸ್ವಂತ ಗುಂಡು ಕಟ್ಟುವುದಾದರೆ

ಸೀಡ್ ಕಂಪನಿಯ ‘ಶಿಯಾವೊ ಎನ್‌ಆರ್‌ಎಫ್52840 ಸೆನ್ಸ್’ ಬೋರ್ಡಿನಿಂದ ಶುರುಮಾಡಿ. ಸುಮಾರು 21 × 18 ಮಿ.ಮೀ. ಅಳತೆಯಲ್ಲಿ ಬ್ಲೂಟೂತ್, ಚಲನೆಯ ಸೆನ್ಸರ್, ಲಿಥಿಯಂ ಸೆಲ್ ಚಾರ್ಜ್ ಮಾಡುವ ಭಾಗ ಮೂರೂ ಇವೆ. ಜೊತೆಗೆ 8 ಮಿ.ಮೀ. ವ್ಯಾಸದ ನಾಣ್ಯದಾಕಾರದ ಕಂಪನ ಮೋಟಾರು, ಸ್ವಿಚ್ಚಿನಂತೆ ಕೆಲಸ ಮಾಡುವ ಎಒ3400 ಮಾಸ್‌ಫೆಟ್ ಒಂದು, ಡಯೋಡ್ ಒಂದು, 100 ಓಮ್ ಮತ್ತು 100 ಕಿಲೊಓಮ್ ರೆಸಿಸ್ಟರ್ ಒಂದೊಂದು, 10 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒಂದು.

ಸೆಲ್ ಆರಿಸುವಾಗ ಹೆಚ್ಚಿನವರು ಎಡವುತ್ತಾರೆ. ಲಿಥಿಯಂ ಪಾಲಿಮರ್ ಸೆಲ್ಲಿನ ಮೇಲೆ ಬರೆದ ಆರು ಅಂಕಿಗಳೇ ಅದರ ಅಳತೆ: 401220 ಎಂದರೆ 4.0 ಮಿ.ಮೀ. ದಪ್ಪ, 12 ಅಗಲ, 20 ಉದ್ದ. ಸಾಮರ್ಥ್ಯ 80 ಮಿಲಿಆಂಪ್-ಅವರ್ ಆಸುಪಾಸು. ಇದಕ್ಕಿಂತ ಚಿಕ್ಕದಾದ 40ರ ಸೆಲ್ ಹಾಕುವ ಆಸೆಯಾಗುತ್ತದೆ. ಆದರೆ ಈ ಬೋರ್ಡು ಚಾರ್ಜ್ ಮಾಡುವುದು 50 ಅಥವಾ 100 ಮಿಲಿಆಂಪ್‌ನಲ್ಲಿ. 40ರ ಸೆಲ್ಲಿಗೆ 50 ಮಿಲಿಆಂಪ್ ಎಂದರೆ ಸಾಮರ್ಥ್ಯದ ಒಂದೂಕಾಲು ಪಟ್ಟು. ಅದು ಉಬ್ಬುತ್ತದೆ, ಬೇಗ ಸಾಯುತ್ತದೆ, ಮಣಿಕಟ್ಟಿನ ಮೇಲೆ ಬಿಸಿಯೇರುವುದು ತಮಾಷೆಯ ಮಾತಲ್ಲ. 80ರ ಸೆಲ್ ಹಾಕಿ 50 ಮಿಲಿಆಂಪ್‌ನಲ್ಲೇ ಇರಿಸಿ. ಚಿಕ್ಕ ಸೆಲ್ಲೇ ಬೇಕೆಂದರೆ ಎಂಸಿಪಿ73831 ಚಾರ್ಜರ್ ಚಿಪ್ಪನ್ನು ಬೇರೆಯಾಗಿ ಬಳಸಿ, ಅದರ ಪ್ರೋಗ್ರಾಂ ಕಾಲಿಗೆ (ಪಿನ್ನಿಗೆ) 50 ಕಿಲೊಓಮ್ ಹಾಕಿದರೆ ಕರೆಂಟ್ 20 ಮಿಲಿಆಂಪ್‌ಗೆ ಇಳಿಯುತ್ತದೆ. ಎಲ್ಲೆಡೆ ಸಿಗುವ ಟಿಪಿ4056 ಬೋರ್ಡನ್ನು ಮಾತ್ರ ಇಲ್ಲಿ ಮುಟ್ಟಲೇಬೇಡಿ. ಅದು ಸಾಮಾನ್ಯವಾಗಿ ಒಂದು ಆಂಪಿಯರ್‌ಗೆ ಹೊಂದಿಸಿಕೊಂಡೇ ಬರುತ್ತದೆ. ಒಳಗೇ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲನ್ನೇ ಕೊಳ್ಳಿ.

ಮೋಟಾರಿಗೆ 60 ರಿಂದ 80 ಮಿಲಿಆಂಪ್ ಬೇಕು. ಚಿಪ್ಪಿನ ಕಾಲು ಕೊಡಬಲ್ಲದ್ದು ಕೆಲವೇ ಮಿಲಿಆಂಪ್. ಆದ್ದರಿಂದ ಮೋಟಾರಿನ ಒಂದು ತಂತಿ ನೇರ ಸೆಲ್ಲಿನ ಪ್ಲಸ್‌ಗೆ, ಇನ್ನೊಂದು ಮಾಸ್‌ಫೆಟ್‌ನ ಡ್ರೈನ್‌ಗೆ. ಸೋರ್ಸ್ ನೆಲಕ್ಕೆ (ಸೆಲ್ಲಿನ ಮೈನಸ್‌ಗೆ). ಚಿಪ್ಪಿನ ಕಾಲಿನಿಂದ ಗೇಟಿಗೆ 100 ಓಮ್. ಗೇಟಿನಿಂದ ನೆಲಕ್ಕೆ 100 ಕಿಲೊಓಮ್. ಇದಿಲ್ಲದಿದ್ದರೆ ಚಿಪ್ ಏಳುವಾಗ ಗೇಟು ತೇಲುತ್ತಾ ಮೋಟಾರು ತಾನೇ ಗುಂಯ್‌ಗುಟ್ಟುತ್ತದೆ. ಡಯೋಡನ್ನು ಮೋಟಾರಿಗೆ ಅಡ್ಡಲಾಗಿ, ಗೆರೆಯಿರುವ ತುದಿ ಪ್ಲಸ್ ಕಡೆಗೆ ಬರುವಂತೆ ಬೆಸೆಯಿರಿ. ಮೋಟಾರು ನಿಂತ ಕ್ಷಣ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ಅದು ತಿನ್ನುತ್ತದೆ. ಕೆಪಾಸಿಟರು ಮೋಟಾರಿಗೆ ಆದಷ್ಟು ಹತ್ತಿರ, ಸೆಲ್ಲಿನ ಎರಡು ತಂತಿಗಳ ನಡುವೆ. ಮೋಟಾರನ್ನು 3.3 ವೋಲ್ಟ್ ಸಾಲಿನಿಂದ ಓಡಿಸಿದರೆ ಪ್ರತಿ ಮಿಡಿತಕ್ಕೂ ಚಿಪ್ ರೀಸೆಟ್ ಆಗುವ ಸಂಭವವಿದೆ. ಮೋಟಾರು 3 ವೋಲ್ಟಿನದು, ತುಂಬಿದ ಸೆಲ್ 4.2 ವೋಲ್ಟ್, ಪಿಡಬ್ಲ್ಯೂಎಂ ಮೂಲಕ, ಅಂದರೆ ವೇಗವಾಗಿ ಹಚ್ಚಿ ಆರಿಸುತ್ತಾ, 70 ಪ್ರತಿಶತಕ್ಕೆ ಇಳಿಸಿ.

ತಂತ್ರಾಂಶದ ಕಡೆ ಐಫೋನಿಗೆ ಆಪಲ್‌ನ ಎಎನ್‌ಸಿಎಸ್ ಸೇವೆ ಇದೆ. ಜೋಡಿಸಿಕೊಂಡ ಯಾವುದೇ ಬ್ಲೂಟೂತ್ ಸಾಧನ ಅದರಿಂದ ಸೂಚನೆಗಳನ್ನು ಪಡೆಯಬಹುದು. ಆಂಡ್ರಾಯ್ಡ್‌ನಲ್ಲಿ ಗ್ಯಾಜೆಟ್‌ಬ್ರಿಡ್ಜ್ ‘ಬ್ಯಾಂಗಲ್.ಜೆಎಸ್’ ವಾಚಿಗೆ ಬಳಸುವ ಪದ್ಧತಿಯನ್ನೇ ಅನುಸರಿಸಿ. ನಾರ್ಡಿಕ್ ಯುಆರ್ಟ್ ಸೇವೆಯ ಮೇಲೆ ಸಾದಾ ಅಕ್ಷರಗಳ ಸಾಲುಗಳು ಬರುತ್ತವೆ, ಓದಿಕೊಳ್ಳುವುದು ಸುಲಭ.

ಬಾಳಿಕೆಯ ಲೆಕ್ಕ: ಸಂಪರ್ಕದಲ್ಲಿದ್ದು ಹೆಜ್ಜೆ ಎಣಿಸುತ್ತಾ ಸರಾಸರಿ 100 ಮೈಕ್ರೊಆಂಪ್‌ಗೆ ತಂದಿರಿ ಎಂದರೆ ದಿನಕ್ಕೆ 2.4 ಮಿಲಿಆಂಪ್-ಅವರ್. ದಿನಕ್ಕೆ 60 ಸೂಚನೆ, ಒಂದಕ್ಕೆ ಅರ್ಧ ಸೆಕೆಂಡ್ ಕಂಪನ, 70 ಮಿಲಿಆಂಪ್: ಇದು ಇನ್ನೊಂದು 0.6. ಒಟ್ಟು 3. 80ರ ಸೆಲ್ಲಿನಲ್ಲಿ ಬಳಸಲು ಸಿಗುವುದು 64 ಎಂದಿಟ್ಟುಕೊಂಡರೆ ಮೂರು ವಾರ. ನಿಮ್ಮದು ಒಂದೇ ದಿನದಲ್ಲಿ ಖಾಲಿಯಾಗುತ್ತಿದ್ದರೆ ಚಿಪ್ ನಿದ್ರೆಗೇ ಹೋಗುತ್ತಿಲ್ಲ ಎಂದರ್ಥ. ಮೂರು ಜಾಗ ನೋಡಿ: ದೋಷ ಹುಡುಕಲು ಹಾಕಿದ ಸೀರಿಯಲ್ ಪೋರ್ಟ್ ತೆರೆದೇ ಉಳಿದಿರಬಹುದು; ಬೋರ್ಡಿನ ಮೇಲಿರುವ ಫ್ಲ್ಯಾಶ್ ಮೆಮೊರಿಗೆ ಗಾಢನಿದ್ರೆಯ ಆದೇಶ ಕೊಟ್ಟಿಲ್ಲದಿರಬಹುದು; ಫೋನಿನ ಜೊತೆ ಒಂದು ಸಂಪರ್ಕಕ್ಕೂ ಮುಂದಿನದಕ್ಕೂ ನಡುವಿನ ಕಾಲದ ಅಂತರ ತೀರಾ ಕಡಿಮೆ ಇರಬಹುದು. ಅಂತರವನ್ನು ಒಂದು ಸೆಕೆಂಡಿನ ಹತ್ತಿರಕ್ಕೆ ತನ್ನಿ. ಕರೆ ತಿಳಿಯುವುದು ಒಂದು ಸೆಕೆಂಡ್ ತಡವಾದರೆ ಯಾರಿಗೂ ನಷ್ಟವಿಲ್ಲ.

ಗುಂಡಿನ ಕವಚ ಗಟ್ಟಿಯಾಗಿರಬೇಕು, ಬಾಗಬಾರದು. ಪಾಲಿಮರ್ ಸೆಲ್ ಬಾಗಿದರೆ ಒಳಗೆ ಶಾರ್ಟ್ ಆಗುತ್ತದೆ. ಬೋರ್ಡಿನ ಮೇಲೇ ಸೆಲ್ಲನ್ನು ಪೇರಿಸಿ ಉದ್ದವನ್ನು 30 ಮಿ.ಮೀ. ಒಳಗೆ ಇಡಿ, ಆದರೆ ಆಂಟೆನಾ ಇರುವ ತುದಿಯ ಮೇಲೆ ಸೆಲ್ ಬರದಿರಲಿ. ಬೆವರು ದೊಡ್ಡ ಶತ್ರು. ಚಾರ್ಜಿಂಗ್‌ಗೆ ಹೊರಗೆ ಬಿಟ್ಟ ಲೋಹದ ಬಿಂದುಗಳಲ್ಲಿ ಸೆಲ್ಲಿನ ವೋಲ್ಟೇಜ್ ಸದಾ ಇದ್ದರೆ ಉಪ್ಪುಬೆವರಿನಲ್ಲಿ ವಿದ್ಯುದ್ವಿಭಜನೆ ನಡೆದು ಕೆಲವೇ ವಾರಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಚರ್ಮವೂ ತುರಿಸುತ್ತದೆ. ಒಂದು ಶಾಟ್ಕಿ ಡಯೋಡ್ ಹಾಕಿ, ಕರೆಂಟ್ ಒಳಗೆ ಮಾತ್ರ ಹರಿಯುವಂತೆ ಮಾಡಿ. ಅಯಸ್ಕಾಂತದ ಚಾರ್ಜರಿಗೆ ಇಡುವಾಗ ಬೆಲ್ಟನ್ನು ಬಿಡಿಸಿ ಚಪ್ಪಟೆಯಾಗಿ ಚಾಚಿ. ಮಡಚಿಟ್ಟರೆ ವಾಚಿನ ತಲೆ ಚಾರ್ಜರಿನ ಮೇಲೆಯೇ ಬಿದ್ದಿರುತ್ತದೆ.

ಎಂಎಎಕ್ಸ್30102 ಎಂಬ ಸೆನ್ಸರ್ ಸೇರಿಸಿ ನಾಡಿಬಡಿತವನ್ನೂ ನಾನೇ ಅಳೆಯುತ್ತೇನೆ ಎಂದು ಹೊರಡಬೇಡಿ. ಅದರ ದೀಪಗಳು ಕೆಂಪು ಮತ್ತು ಅವಕೆಂಪು. ಬೆರಳ ತುದಿಗೆ ಚೆನ್ನ. ಮಣಿಕಟ್ಟಿಗೆ ಹಸಿರು ಬೆಳಕೇ ಹೊಂದುತ್ತದೆ, ಅದರ ಮೇಲೂ ಕೈ ಅಲ್ಲಾಡಿದಾಗ ಬರುವ ಗದ್ದಲವನ್ನು ಸೋಸುವ ಲೆಕ್ಕಾಚಾರವೇ ದೊಡ್ಡ ವಿದ್ಯೆ. ಹವ್ಯಾಸಿ ಕೋಡು ನಡಿಗೆಯ ತಾಳವನ್ನೇ ನಾಡಿಯೆಂದು ತೋರಿಸಿಬಿಡುತ್ತದೆ. ಆರೋಗ್ಯಕ್ಕೆಂದು ನೋಡುವ ಸಂಖ್ಯೆ ತಪ್ಪಾಗಿರುವುದಕ್ಕಿಂತ ಇಲ್ಲದಿರುವುದೇ ವಾಸಿ.

ತಟ್ಟಿ ಹಣ ಕೊಡುವುದು, ಎನ್‌ಎಫ್‌ಸಿ ಬಿಲ್ಲೆ

ಎನ್‌ಎಫ್‌ಸಿ ಎಂದರೆ ತಾಗುವಷ್ಟು ಹತ್ತಿರ ತಂದಾಗ ಮಾತ್ರ ಓದಬಲ್ಲ ರೇಡಿಯೊ ಸಂಪರ್ಕ. ಇವೆರಡೂ 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಬ್ಯಾಟರಿ ಬೇಡ. ಸಾಮ್ಯ ಅಷ್ಟಕ್ಕೇ ಮುಗಿಯಿತು. ಸಾದಾ ಎನ್‌ಎಫ್‌ಸಿ ಬಿಲ್ಲೆ ಬರೀ ಚೀಟಿ ಇದ್ದಂತೆ: ಎನ್‌ಟಿಎಜಿ213ರಲ್ಲಿ 144 ಬೈಟ್, 215ರಲ್ಲಿ 504, 216ರಲ್ಲಿ 888 ಬೈಟ್ ಬರೆಯಬಹುದು. ಹೆಸರು, ಫೋನು, ತುರ್ತು ಸಂಪರ್ಕ, ಒಂದು ಲಿಂಕ್ ಇಷ್ಟಕ್ಕೆ ಚಿಕ್ಕದೇ ಸಾಕು. ಯಾರ ಫೋನು ತಾಗಿದರೂ ಓದಿಕೊಳ್ಳುತ್ತದೆ, ಗುಟ್ಟಿನ ವಿಷಯ ಬರೆಯಬೇಡಿ. ‘ಲಾಕ್’ ಒತ್ತಿದರೆ ಮತ್ತೆ ತಿದ್ದಲಾಗದು. ಬೇರೆಯವರು ಬರೆಯದಿರಲಿ ಎಂಬುದಷ್ಟೇ ಉದ್ದೇಶವಾದರೆ ಪಾಸ್‌ವರ್ಡ್ ಹಾಕಿ.

ಬಿಲ್ಲೆಯನ್ನು ಸ್ಟೀಲ್ ಮುಚ್ಚಳಕ್ಕೆ ಅಂಟಿಸಿದರೆ ಸತ್ತಂತೆಯೇ. ಓದುವ ಸಾಧನದ ಕ್ಷೇತ್ರ ಲೋಹದಲ್ಲಿ ಸುಳಿ ಕರೆಂಟ್ ಹುಟ್ಟಿಸುತ್ತದೆ, ಅದು ಕ್ಷೇತ್ರವನ್ನೇ ಅಳಿಸುತ್ತದೆ. ಫೆರೈಟ್ ಹಾಳೆ ಇರುವ ‘ಲೋಹದ ಮೇಲೆ’ ಬಳಸುವ ಬಿಲ್ಲೆಗಳಿವೆ, ಆದರೂ ಓದುವ ದೂರ ಕುಗ್ಗುತ್ತದೆ. ಚರ್ಮದ ಬೆಲ್ಟಿನ ಎರಡು ಪದರದ ನಡುವೆ, ಲಗ್ಗಿನಿಂದ (ಬೆಲ್ಟು ಕೇಸಿಗೆ ಸೇರುವ ಕೊಂಬಿನಿಂದ) 25 ಮಿ.ಮೀ. ಆಚೆ ಇಡುವುದೇ ಸರಿ. ಬೆಲ್ಟು ಹೆಚ್ಚು ಬಾಗುವ ಜಾಗ ತಪ್ಪಿಸಿ. ಆಂಟೆನಾದ ತೆಳು ಸುರುಳಿ ಬಿರುಕು ಬಿಡುತ್ತದೆ.

ಹಣ ಪಾವತಿಯ ಚಿಪ್ ಬೇರೆಯೇ ಜಾತಿ. ಅದರೊಳಗೆ ಸುರಕ್ಷಿತ ಭಾಗವಿದ್ದು, ನಿಮ್ಮ ಕಾರ್ಡ್ ಸಂಖ್ಯೆಯ ಬದಲು ಬ್ಯಾಂಕು ಮತ್ತು ಕಾರ್ಡ್ ಜಾಲ ಕೊಟ್ಟ ಟೋಕನ್ ಕೂತಿರುತ್ತದೆ. ಖಾಲಿ ಬಿಲ್ಲೆಗೆ ಕಾರ್ಡನ್ನು ನಕಲು ಮಾಡಲು ಬರುವುದಿಲ್ಲ. ಪ್ರತಿ ವ್ಯವಹಾರಕ್ಕೂ ಚಿಪ್ಪಿನೊಳಗಿನ ಗುಪ್ತ ಕೀಲಿಯಿಂದ ಹೊಸ ಸಹಿ ಹುಟ್ಟಬೇಕು, ಆ ಕೀಲಿ ಹೊರಬರುವುದೇ ಇಲ್ಲ. ಸಿದ್ಧ ಪಾವತಿ ಬೆಲ್ಟ್ ಅಥವಾ ಬೆಲ್ಟಿಗೆ ಪೋಣಿಸುವ ತುಂಡು ಕೊಳ್ಳಿ, ಕೊಳ್ಳುವ ಮೊದಲು ನಿಮ್ಮ ಬ್ಯಾಂಕು ಅದರ ಪಟ್ಟಿಯಲ್ಲಿದೆಯೇ ನೋಡಿ. ಕಾರ್ಡನ್ನು ಅಸಿಟೋನಿನಲ್ಲಿ ಕರಗಿಸಿ ಚಿಪ್ ತೆಗೆಯುವ ವಿಡಿಯೊಗಳನ್ನು ನಂಬಬೇಡಿ. ಆಂಟೆನಾ ಇರುವುದು ಕಾರ್ಡಿನ ಪ್ಲಾಸ್ಟಿಕ್ಕಿನಲ್ಲಿ, ಚಿಪ್ಪಿನಲ್ಲಲ್ಲ. ಅದನ್ನು ಮತ್ತೆ ಸುತ್ತಿ ಶ್ರುತಿ ಮಾಡುವುದು ಕಷ್ಟ, ಬ್ಯಾಂಕಿನ ಷರತ್ತಿಗೂ ವಿರುದ್ಧ.

ಕ್ವಾರ್ಟ್ಜ್ ವಾಚು

ಮಿಯೋಟ 2035ರ ಅಳತೆ ಸುಮಾರು 15.2 × 18 ಮಿ.ಮೀ., ದಪ್ಪ 3.15. ಕೇಸಿನ ಒಳವ್ಯಾಸ 30 ಇದ್ದರೆ ಸುತ್ತಲೂ ಆರೇಳು ಮಿ.ಮೀ. ಜಾಗ ಪ್ಲಾಸ್ಟಿಕ್ ರಿಂಗಿನ ಪಾಲಾಗಿರುತ್ತದೆ. ಆ ಜಾಗ ನೋಡಿಯೇ ಆಸೆ ಹುಟ್ಟುವುದು. ರೇಡಿಯೊ ಇಲ್ಲದೆ ಮಾಡಬಹುದಾದ ಒಂದೇ ಒಂದು ಕೆಲಸ ಎಂದರೆ ಮುಳ್ಳನ್ನು ನೀವೇ ಓಡಿಸುವುದು. ಮುಳ್ಳನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗಿಸುವ, ಒಳಗಿರುವ ಲಾವೆ ಮೋಟಾರಿಗೆ ಸೆಕೆಂಡಿಗೊಂದು ಮಿಡಿತ, ಒಮ್ಮೆ ಪ್ಲಸ್, ಮರುಸಲ ಮೈನಸ್. ಸುರುಳಿಯ ಎರಡು ತುದಿಗಳನ್ನು ಮೂಲ ಚಿಪ್ಪಿನಿಂದ ಬಿಡಿಸಿ ಮೈಕ್ರೊಕಂಟ್ರೋಲರಿನ ಎರಡು ಕಾಲಿಗೆ ಕೊಟ್ಟರೆ ಮುಳ್ಳು ನಿಮ್ಮ ಮಾತು ಕೇಳುತ್ತದೆ. ತೊಡಕುಗಳು ಎರಡು. ಸುರುಳಿಯ ತಂತಿ ತಲೆಗೂದಲಿಗಿಂತ ತೆಳು. ಚಿಮಟದ ತುದಿ ತಾಗಿದರೆ ಕಡಿಯಿತು, ಅಲ್ಲಿಗೆ ಯಂತ್ರ ಮುಗಿಯಿತು. ಮತ್ತೆ, ಮುಳ್ಳು ಸುಲಭವಾಗಿ ಹಿಂದಕ್ಕೆ ಹೋಗುವುದಿಲ್ಲ. ಒಂದು ಗಂಟೆ ಮುಂದೂಡಲು 3,600 ಹೆಜ್ಜೆ. ಸೆಕೆಂಡಿಗೆ 16ರಂತೆ ಓಡಿಸಿದರೆ ಮೂರೂಮುಕ್ಕಾಲು ನಿಮಿಷ. ಒಂದು ಗಂಟೆ ಹಿಂದಕ್ಕೆ ಬೇಕೆಂದರೆ 11 ಗಂಟೆ ಮುಂದೆ, ಅಂದರೆ 41 ನಿಮಿಷ. ಕಲಿಯುವ ಆಸೆಯಿದ್ದರೆ ಗೋಡೆ ಗಡಿಯಾರದ ಯಂತ್ರದಲ್ಲಿ ಮಾಡಿ ನೋಡಿ: ಅದೇ ಮೋಟಾರು, ದಪ್ಪ ತಂತಿ, ಪ್ಲಾಸ್ಟಿಕ್ ಕವಚ. ಈ ವಾಚಿಗೆ ಎನ್‌ಎಫ್‌ಸಿ ಬೆಲ್ಟ್ ಒಂದೇ ಸಾಕು.

ಕ್ಯಾಸಿಯೊ ಎಫ್-91ಡಬ್ಲ್ಯೂ

ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕೇಸು ರೆಸಿನ್, ರೇಡಿಯೊಗೆ ಅಡ್ಡಿಯಿಲ್ಲ. ಸೆಲ್ ಸಿಆರ್2016: 3 ವೋಲ್ಟ್, ಸುಮಾರು 90 ಮಿಲಿಆಂಪ್-ಅವರ್. ವಾಚು ಕೆಟ್ಟರೆ ಇನ್ನೊಂದು ಸಿಗುತ್ತದೆ. ಇದಕ್ಕೆಂದೇ ‘ಸೆನ್ಸರ್ ವಾಚ್’ ಎಂಬ ಬದಲಿ ಬೋರ್ಡ್ ಇದೆ. ಮೈಕ್ರೊಚಿಪ್ ಕಂಪನಿಯ ಸ್ಯಾಮ್ ಎಲ್22 ಚಿಪ್ ಮೇಲೆ ಕಟ್ಟಿದ್ದು, ವಾಚಿನ ಮೂಲ ಪರದೆ, ಗುಂಡಿಗಳು, ಬೀಪ್ ಎಲ್ಲವನ್ನೂ ಹಾಗೇ ಬಳಸಿಕೊಳ್ಳುತ್ತದೆ. ಬ್ಲೂಟೂತ್ ಇಲ್ಲ. ಬದಲಿಗೆ ಲೋಕದ ಸಮಯಗಳು, ಸೂರ್ಯೋದಯ-ಸೂರ್ಯಾಸ್ತ, ಚಂದ್ರನ ಕಲೆ, ಲಾಗಿನ್‌ಗೆ ಬೇಕಾದ ಆರಂಕಿಯ ಟಿಒಟಿಪಿ ಕೋಡ್ ಇವನ್ನೆಲ್ಲ ತೋರಿಸುತ್ತದೆ. ಬ್ಲೂಟೂತ್ ಬೇಕೇಬೇಕೆಂದರೆ ‘ಒಲ್ಲೀ ವಾಚ್’ ಬೋರ್ಡ್ ನೋಡಿ. ನನ್ನ ಒಲವು ಸೆನ್ಸರ್ ವಾಚ್ ಕಡೆಗೆ: ಸರಾಸರಿ 10 ಮೈಕ್ರೊಆಂಪ್ ಸೆಳೆದರೂ ಒಂದು ವರ್ಷ ಸೆಲ್ ಮುಟ್ಟಬೇಕಿಲ್ಲ, ಅದರ ತಂತ್ರಾಂಶ ಪೂರ್ತಿ ಮುಕ್ತ.

ಬೋರ್ಡನ್ನು ವಾಚಿಗೆ ಹಾಕುವ ಮೊದಲೇ ಯುಎಸ್‌ಬಿಗೆ ಜೋಡಿಸಿ ರೀಸೆಟ್ ಗುಂಡಿಯನ್ನು ಎರಡು ಸಲ ಒತ್ತಿ. ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ನಂತೆ ಕಾಣುತ್ತದೆ, ಯುಎಫ್2 ಫೈಲನ್ನು ಎಳೆದು ಹಾಕಿದರೆ ತಂತ್ರಾಂಶ ಕೂತಿತು. ಬಿಳಿ ಬಟ್ಟೆಯ ಮೇಲೆ ವಾಚನ್ನು ಮಗುಚಿ ನಾಲ್ಕು ಸ್ಕ್ರೂ ಬಿಚ್ಚಿ. ಮುಚ್ಚಳದ ಬೀಪ್ ತಟ್ಟೆಗೆ ಸಂಪರ್ಕ ಕೊಡುವ ಕೂದಲಿನಂಥ ಸ್ಪ್ರಿಂಗು ಹಾರಿಹೋಗುವುದೇ ಇಲ್ಲಿನ ಮಾಮೂಲು ಅನಾಹುತ. ಆದ್ದರಿಂದ ಪ್ರತಿ ಹಂತಕ್ಕೂ ಫೋಟೊ ತೆಗೆದಿಟ್ಟುಕೊಳ್ಳಿ. ಮಾಡ್ಯೂಲ್ ಹೊರತೆಗೆದು, ಸೆಲ್ಲಿನ ಲೋಹದ ಹಿಡಿಕೆ ಬಿಡಿಸಿ, ಹಳೆಯ ಬೋರ್ಡ್ ಎತ್ತಿದಾಗ ಪರದೆಗೂ ಬೋರ್ಡಿಗೂ ನಡುವೆ ರಬ್ಬರಿನ ಪಟ್ಟಿ ಕಾಣುತ್ತದೆ. ಝೀಬ್ರಾ ಪಟ್ಟಿ ಎನ್ನುವುದು ಇದಕ್ಕೇ. ಒಳಗೆ ವಿದ್ಯುತ್ ಹರಿಯುವ, ಹರಿಯದ ತೆಳು ಪದರಗಳು ಸಾಲಾಗಿರುತ್ತವೆ. ಇದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಜೋಡಿಸಿದ ಮೇಲೆ ಅಂಕಿಗಳ ಕೆಲವು ಗೆರೆ ಮೂಡದಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಇಲ್ಲೇ: ಪಟ್ಟಿ ಓರೆಯಾಗಿದೆ, ಇಲ್ಲವೇ ಬೆರಳಿನ ಜಿಡ್ಡು ಹತ್ತಿದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಾರದ ಬಟ್ಟೆಯಿಂದ ಒರೆಸಿ ಮತ್ತೆ ನೇರವಾಗಿ ಕೂರಿಸಿ.

ಟಿಒಟಿಪಿ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಹಾಗಾಗಿ ವಾಚಿನ ಸಮಯ ಅರ್ಧ ನಿಮಿಷ ತಪ್ಪಿದರೂ ಲಾಗಿನ್ ನಿರಾಕರಣೆಯಾಗಬಹುದು. ಹರಳಿನ ತಪ್ಪು ಹತ್ತು ಲಕ್ಷಕ್ಕೆ 20 ಭಾಗ ಇದ್ದರೆ ತಿಂಗಳಿಗೆ 52 ಸೆಕೆಂಡ್ ಜಾರುತ್ತದೆ. ಒಂದು ವಾರ ಓಡಿಸಿ ವ್ಯತ್ಯಾಸ ಅಳೆದು, ತಂತ್ರಾಂಶದಲ್ಲಿರುವ ‘ನ್ಯಾನೊಸೆಕ್’ ಪುಟದಲ್ಲಿ ತಿದ್ದುಪಡಿ ಹಾಕಿ. ಸಮಯ ವಲಯವನ್ನೂ ಸರಿಯಾಗಿ ಹೊಂದಿಸಿ. ಪರದೆಯ ಮೇಲೆ ಸಮಯ ಸರಿಯಿದ್ದು ವಲಯ ತಪ್ಪಿದ್ದರೆ ಕೋಡು ಎಂದಿಗೂ ಹೊಂದುವುದಿಲ್ಲ. ಗುಪ್ತ ಕೀಲಿಗಳು ಬೋರ್ಡಿನ ಮೆಮೊರಿಯಲ್ಲಿ ಬೀಗವಿಲ್ಲದೆ ಇರುತ್ತವೆ, ವಾಚು ಕಳೆದರೆ ಆ ಖಾತೆಗಳ ಕೀಲಿಯನ್ನು ಅಂದೇ ಬದಲಿಸಿ.

ಮುಚ್ಚುವ ಮೊದಲು ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಕಾಲುವೆಯಲ್ಲಿ ಪೂರ್ತಿ ಕೂರಿಸಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅವು ಕೂರುವುದು ಪ್ಲಾಸ್ಟಿಕ್ಕಿನಲ್ಲಿ. ಬಿಗಿಯಾಯಿತು ಎನಿಸಿದ ಮೇಲೆ ಇನ್ನೊಂದು ಸುತ್ತು ಕೊಟ್ಟರೆ ಸ್ಕ್ರೂ ಕೂರುವ ಥ್ರೆಡ್ ಹರಿದುಹೋಗುತ್ತದೆ.